ಚಹಾ ಬಂದಾಗ ನಡುಗುವ ಕೈ

೧. ಮೊದಲ ಗೆಲುವು

ಕಪ್ ಸಾಸರಿಗೆ ಬಡಿದು ಕಟಕಟ ಎಂದಿತು. ಮೇಜಿನ ಸುತ್ತ ಕುಳಿತಿದ್ದ ಮೂವರೂ ನನ್ನ ಕೈ ನೋಡಿದರು.

ಇನ್ನೊಂದು ಕೈಯಲ್ಲಿ ಐದು ಇಸ್ಪೀಟು ಎಲೆಗಳಿದ್ದವು. ಒಂದರ ಮುಖ ಇನ್ನೊಂದು ಕಂಡಿರದಂಥ, ಕೆಲಸಕ್ಕೆ ಬಾರದ ಎಲೆಗಳು.

"ಬಂತು," ಎಂದರು ಸೋಡಾ ಅಂಗಡಿಯವರು. "ಇವರಿಗೆ ದೊಡ್ಡದು ಬಂತು. ಕೈ ನೋಡಿ ಪೊರ್ಬುಗಳೇ."

ಪೊರ್ಬುಗಳು ಅಂದದ್ದು ಮನೆಯ ಯಜಮಾನರಿಗೆ. ನಮ್ಮ ಕ್ರೈಸ್ತ ಗಂಡಸರನ್ನು ತುಳುವಿನವರು ಹಾಗೆಯೇ ಕರೆಯುವುದು. ಇವರು ಹಡಗಿನಲ್ಲಿ ಅಡುಗೆಯವರಾಗಿದ್ದು, ಊರಿಗೆ ಮರಳಿ ಫಳ್ನೀರಿನಲ್ಲಿ ನೆಲೆಸಿದ್ದರು. ಜತೆಗೆ ತಂದದ್ದು ಒಂದು ಕಬ್ಬಿಣದ ಪೆಟ್ಟಿಗೆ ಮತ್ತು ಪೋಕರ್ ಆಟ. ಐದೆಲೆಯ ಆಟ. ಎಲೆ ಒಳ್ಳೆಯದಿದ್ದರೆ ಪಣ ಏರಿಸಬೇಕು, ಇಲ್ಲದಿದ್ದರೆ ಇದ್ದ ಹಾಗೆ ನಟಿಸಬೇಕು. ಹೆದರಿದವನು ಎಲೆ ಕೆಳಗಿಟ್ಟು ಸೋಲಬೇಕು. ನಮ್ಮ ಪಣ ಗೇರುಬೀಜ. ಸುಡದ, ಸುಲಿಯದ ಹಸಿ ಬೀಜ. ಅವರ ಹಿತ್ತಲಲ್ಲಿ ಬೇಕಾದಷ್ಟಿತ್ತು.

ಹಡಗಿನವರು ನನ್ನ ಕೈಯನ್ನು ಬಹಳ ಹೊತ್ತು ನೋಡಿದರು. ಎಲೆ ಕೆಳಗಿಟ್ಟರು. ಪಕ್ಕದಲ್ಲಿದ್ದ ಕಾಂಪೌಂಡರ್ ಕೂಡ ಇಟ್ಟರು. ಸೋಡಾ ಅಂಗಡಿಯವರು ಮೊದಲೇ ಇಟ್ಟಿದ್ದರು. ಬೀಜದ ರಾಶಿ ನನ್ನ ಕಡೆ ಬಂತು.

"ಎಂತ ಇತ್ತು ಮಾರಾಯ್ರೆ?" ಎಂದು ಕಾಂಪೌಂಡರ್ ಕೇಳಿದರು.

ತೋರಿಸಬೇಕೆಂಬ ನಿಯಮವಿಲ್ಲ. ನಾನು ತೋರಿಸಲಿಲ್ಲ. ಆದರೆ ಕಪ್ ತೆಗೆದುಕೊಂಡು ಹೋಗಲು ಬಂದವಳು ನನ್ನ ಹೆಗಲ ಹಿಂದಿನಿಂದ ನೋಡಿದಳು. ಹಡಗಿನವರ ತಂಗಿ. ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರ್. ಅಣ್ಣ ಸಮುದ್ರದಲ್ಲಿ ಇದ್ದಷ್ಟು ಕಾಲ ತಾಯಿಯ ಕಾಯಿಲೆ ನೋಡಿಕೊಂಡು ಮದುವೆಯ ವಯಸ್ಸು ದಾಟಿಸಿಕೊಂಡವಳು. ಚಹಾ ತಂದುಕೊಟ್ಟವಳೂ ಅವಳೇ. ನನ್ನ ಕೈ ನಡುಗಿದ್ದು ಅದಕ್ಕೆ.

ಒಳಗೆ ಹೋಗಿ ಅವಳು ನಕ್ಕದ್ದು ಹೊರಗೆ ಕೇಳಿಸಿತು.

"ಅಲ್ಲಿ ಎಂತ ಉಂಟು ನಗಲಿಕ್ಕೆ?" ಎಂದು ಅಣ್ಣ ಕೂಗಿದರು.

"ಎಂತ ಇಲ್ಲ ಅಣ್ಣ. ಬೆಕ್ಕು."

ಆ ಮನೆಯಲ್ಲಿ ಬೆಕ್ಕು ಇರಲಿಲ್ಲ.

೨. ಬಾಯಿ

ಹೆದರಿಕೆ ನನ್ನೊಬ್ಬನ ಸ್ವತ್ತಲ್ಲ. ಸೋಡಾ ಅಂಗಡಿಯವರಿಗೆ ಅದು ದವಡೆಯಲ್ಲಿತ್ತು.

ಅವರು ನದಿಯಾಚೆಯ ತೊಕ್ಕೊಟ್ಟಿನವರು. ಆಗ ನದಿಗೆ ರಸ್ತೆಯ ಸೇತುವೆ ಇರಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ದೋಣಿಯಲ್ಲಿ ದಾಟಿ ಬರುತ್ತಿದ್ದರು. ಅವರಿಗೆ ನಮ್ಮ ಕೊಂಕಣಿ ಬಾರದು. ಹಡಗಿನವರು ತುಳು ಮರೆತಿದ್ದರು. ಹಾಗಾಗಿ ಮೇಜಿನಲ್ಲಿ ಕನ್ನಡ.

ಅವರ ಬಾಯಲ್ಲಿ ಯಾವಾಗಲೂ ವೀಳ್ಯ. ಎಲೆ ಕೆಟ್ಟದು ಬಂದರೆ ಮೆಲ್ಲಗೆ ಜಗಿಯುವರು. ಒಳ್ಳೆಯದು ಬಂದರೆ ದನ ಹುಲ್ಲು ತಿಂದ ಹಾಗೆ. ಅವರ ಎಲೆ ತಿಳಿಯಲು ನಾವು ಅವರ ಕೆನ್ನೆ ನೋಡಿದರೆ ಸಾಕಿತ್ತು. ಕೊನೆಗೆ ಹಡಗಿನವರಿಗೇ ಪಾಪ ಅನಿಸಿತು.

"ಸಾಹುಕಾರ್ರೆ, ನಿಮ್ಮನ್ನು ಸೋಲಿಸಿ ನನಗೆ ನಾಚಿಕೆ ಆಗ್ತದೆ. ಆಟದ ಹೊತ್ತಿಗೆ ಬಾಯಿ ಖಾಲಿ ಇಡಿ."

ಖಾಲಿ ಇಟ್ಟರು. ಎರಡು ಆಟ ಸರಿಯಾಗಿಯೇ ಹೋಯಿತು. ಮೂರನೆಯದರಲ್ಲಿ ಅವರಿಗೆ ಮೂರು ಎಕ್ಕ ಬಂತು. ಮುಖ ಕಲ್ಲು. ಕಣ್ಣು ಮಾಡಿನ ಹಂಚಿನಲ್ಲಿ. ಕೈ ಮಾತ್ರ ತನ್ನಷ್ಟಕ್ಕೆ ಮೇಜಿನ ಮೇಲೆ ಹೋಯಿತು, ಏನೋ ಒಂದನ್ನು ಎತ್ತಿತು, ಬಾಯಿಗೆ ಹಾಕಿತು. ಹಲ್ಲು ಕಚ್ಚಿತು.

ಹಸಿ ಗೇರುಬೀಜದ ಸಿಪ್ಪೆಯಲ್ಲಿ ಎಂಥ ಎಣ್ಣೆ ಉಂಟೆಂದು ನಮ್ಮ ಕಡೆ ತೊಟ್ಟಿಲಿನ ಮಗುವಿಗೂ ಗೊತ್ತು. ಕೈಗೆ ತಾಗಿದರೇ ಬೊಬ್ಬೆ ಏಳುತ್ತದೆ. ಅವರು ಎದ್ದು ಅಂಗಳಕ್ಕೆ ಓಡಿದರು. ಟೀಚರ್ ತೆಂಗಿನೆಣ್ಣೆ ತಂದಳು. ಕಾಂಪೌಂಡರ್ ಎಲೆಗಳನ್ನು ಮಗುಚಿ ನೋಡಿ, "ಮೂರು ಎಕ್ಕ. ಪಾಪ," ಎಂದರು.

ಮುಂದಿನ ಭಾನುವಾರ ಅವರು ಬರಲಾರರು ಎಂದುಕೊಂಡೆವು. ಬಂದರು. ತುಟಿ ಬದನೆಕಾಯಿ ಆಗಿತ್ತು. ಕೆನ್ನೆ ಅಲ್ಲಾಡುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ ಒಳಗೆ ಏನು ನಡೆಯುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ. ಸಂಜೆಗೆ ಬೀಜವೆಲ್ಲ ಅವರ ಮುಂದೆ.

ಎದ್ದು ಹೋಗುವಾಗ ಆ ತುಟಿಯಲ್ಲೇ ಹೇಳಿದರು: "ಬಾವು ಇಳಿಯುವ ಮೊದಲು ಇನ್ನೊಂದು ಸಲ ಕಚ್ಚಬೇಕು."

೩. ನಿದ್ರೆ

ಕಾಂಪೌಂಡರರಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಹತ್ತಿರದ ಒಂದು ಔಷಧಾಲಯದಲ್ಲಿ ಮಿಶ್ರಣ ಮಾಡುವ ಕೆಲಸ ಅವರದು. ಹೆಚ್ಚು ಹೊಡೆದುಕೊಂಡಾಗ ತನ್ನ ನಾಡಿ ತಾನೇ ಹಿಡಿದು ನೋಡುತ್ತಿದ್ದರು. ಅವರು ನಾಡಿ ಹಿಡಿದರೆಂದರೆ ನಾವು ಎಲೆ ಕೆಳಗಿಡುತ್ತಿದ್ದೆವು.

ಒಂದು ಭಾನುವಾರ ಬಹಳ ಶಾಂತವಾಗಿ ಬಂದರು.

"ಇವತ್ತು ನನ್ನನ್ನು ಯಾರೂ ಓದಲಿಕ್ಕಿಲ್ಲ. ನರಕ್ಕೆ ಸ್ವಲ್ಪ ಮದ್ದು ತಗೊಂಡಿದ್ದೇನೆ."

"ಎಷ್ಟು?" ಎಂದು ಕೇಳಿದೆ.

"ಸ್ವಲ್ಪ. ಮತ್ತೆ ಸಾಲದು ಅಂತ ಇನ್ನು ಸ್ವಲ್ಪ."

ಎಲೆ ಹಂಚಿದರು. ಕಾಂಪೌಂಡರ್ ತನ್ನ ಐದು ಎಲೆ ಎತ್ತಿ ನೋಡಿದರು. ಮುಗುಳ್ನಕ್ಕರು. ಎಲೆಯನ್ನು ಎದೆಗೆ ಒತ್ತಿಕೊಂಡರು. ಅಷ್ಟರಲ್ಲಿ ನಿದ್ರೆ ಹೋದರು.

ಈಗ ಸರದಿ ಅವರದು. ಅವರನ್ನು ಬಿಟ್ಟು ಮುಂದೆ ಹೋಗಬಾರದು. ಎಬ್ಬಿಸಬಹುದು ಎಂದರು ಸೋಡಾ ಅಂಗಡಿಯವರು. ಹಡಗಿನವರು ಒಪ್ಪಲಿಲ್ಲ.

"ಹಡಗಿನಲ್ಲಿ ಕಾನೂನು ಉಂಟು. ಯೋಚನೆ ಮಾಡುವವನನ್ನು ಮುಟ್ಟಬಾರದು."

"ಅವರು ಗೊರಕೆ ಹೊಡೀತಿದ್ದಾರೆ ಪೊರ್ಬುಗಳೇ."

"ಕೆಲವರು ಹಾಗೇ ಯೋಚನೆ ಮಾಡುವುದು."

ಕುಳಿತೆವು. ಅಂಗಳದಲ್ಲಿ ಬಿಸಿಲು ಇಳಿಯಿತು. ಟೀಚರ್ ಬಂದು ಅವರ ಕೊರಳಿಗೆ ದಿಂಬು ಇಟ್ಟಳು. ಹಾಗೇ ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು ಶಾಲೆಯ ಮಕ್ಕಳ ಸ್ಲೇಟು ಒರೆಸತೊಡಗಿದಳು. ನನ್ನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಮಧ್ಯಾಹ್ನ ಇನ್ನೊಂದಿಲ್ಲ. ಕಾಂಪೌಂಡರ್ ಏಳದಿರಲಿ ಎಂದು ದೇವರಲ್ಲಿ ಬೇಡಿದೆ.

ಸಂಜೆಯ ಪ್ರಾರ್ಥನೆಗೆ ಇಗರ್ಜಿಯ ಗಂಟೆ ಹೊಡೆಯಿತು. ಗಂಟೆಗೆ ಆಟ ನಿಲ್ಲಿಸುವುದು ಆ ಮನೆಯ ಕ್ರಮ. ಕಾಂಪೌಂಡರ್ ಕಣ್ಣು ಬಿಟ್ಟರು. ಸುತ್ತ ನೋಡಿದರು. ನಾಲ್ಕು ರಾಣಿಯರನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು.

"ಗಂಟೆ ಆಯ್ತು. ಇದು ಲೆಕ್ಕಕ್ಕಿಲ್ಲ," ಎಂದರು ಹಡಗಿನವರು.

ಆ ವಾರ ಕಾಂಪೌಂಡರರಿಗೆ ಯಾವ ಮದ್ದಿನಿಂದಲೂ ನಿದ್ರೆ ಬರಲಿಲ್ಲವಂತೆ.

೪. ಗಂಜಿತಿಳಿ

ಹಡಗಿನವರು ದಡ್ಡರಲ್ಲ.

ಒಂದು ದಿನ ಆಟ ನಿಲ್ಲಿಸಿ ನನ್ನ ಕಡೆ ತಿರುಗಿದರು. ನಾನು ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್. ಎಲ್ಲರೂ ಹಾಗೆಯೇ ಕರೆಯುವುದು.

"ರೈಟರೇ, ನಾನು ನೋಡ್ತಾ ಇದ್ದೇನೆ. ಎಲೆ ಬಂದಾಗ ನಿಮ್ಮ ಕೈ ನಡುಗುವುದಿಲ್ಲ. ಚಹಾ ಬಂದಾಗ ನಡುಗ್ತದೆ."

ಬಾಗಿಲಲ್ಲಿ ಟೀಚರ್ ನಿಂತಿದ್ದಳು, ಕೈಯಲ್ಲಿ ಕೆಟಲ್. ಅವಳು ಅಲ್ಲಾಡಲಿಲ್ಲ.

ಅವರಿಗೆ ತಿಳಿದರೆ ನನಗೆ ಆ ಮನೆಯ ಮೆಟ್ಟಿಲು ಇಲ್ಲ. ಒಂದು ದಿನ ಅವರ ಮುಂದೆ ಕುಳಿತು ತಂಗಿಯನ್ನು ಕೇಳಬೇಕೆಂದು ನನಗಿತ್ತು. ಆದರೆ ಅವರ ಒಂದು ಮಾತು ನೆನಪಿಗೆ ಬಂದು ತಡೆಯುತ್ತಿತ್ತು. "ಕೈ ನಡುಗುವವನನ್ನು ನಂಬಿ ನಾನು ಒಂದು ಕೋಳಿಯನ್ನೂ ಕೊಡ್ಲಿಕ್ಕಿಲ್ಲ," ಎಂದಿದ್ದರು. ಕೋಳಿಗೇ ಹಾಗಾದರೆ!

"ನಮ್ಮ ಹಡಗಿನಲ್ಲಿ ಒಬ್ಬ ಗ್ರೀಸಿನವ ಇದ್ದ," ಎಂದು ಮುಂದುವರಿಸಿದರು. "ಅವನಿಗೂ ಹೀಗೇ. ಚಹಾ ಅವನ ನರಕ್ಕೆ ಆಗ್ತಿರಲಿಲ್ಲ."

"ಹೌದು," ಎಂದರು ಕಾಂಪೌಂಡರ್. "ಕೆಲವರಿಗೆ ಆಗುವುದಿಲ್ಲ."

"ಬಾಯ್," ಎಂದು ಹಡಗಿನವರು ತಂಗಿಯನ್ನು ಕರೆದರು. "ಇನ್ನು ರೈಟರಿಗೆ ಚಹಾ ಬೇಡ. ಗಂಜಿತಿಳಿ ಕೊಡು."

ಮುಂದಿನ ಭಾನುವಾರ ಮೂವರಿಗೆ ಚಹಾ ಬಂತು. ನನಗೆ ಕುಚ್ಚಲಕ್ಕಿಯ ಗಂಜಿತಿಳಿ, ಉಪ್ಪು ಹಾಕಿ, ಪಕ್ಕದಲ್ಲಿ ಒಂದು ಮಿಡಿ ಉಪ್ಪಿನಕಾಯಿ. ಅವಳು ತುಟಿ ಕಚ್ಚಿಕೊಂಡು ಕೊಟ್ಟಳು. ನಾನು ತೆಗೆದುಕೊಂಡೆ. ಅರ್ಧ ಎಲೆಗಳ ಮೇಲೆ, ಅರ್ಧ ಸೋಡಾ ಅಂಗಡಿಯವರು ಉಟ್ಟಿದ್ದ ಮುಂಡಿನ ಮೇಲೆ.

ಹಡಗಿನವರು ನಿಟ್ಟುಸಿರು ಬಿಟ್ಟರು.

"ಇವರಿಗೆ ಅಕ್ಕಿಯೂ ಆಗುವುದಿಲ್ಲ."

೫. ಮನೆಯೊಡತಿ

ಹಡಗಿನವರಿಗೆ ನನ್ನ ಮೇಲೆ ಕರುಣೆ ಬಂತು. ಪಾಠ ಹೇಳಿಕೊಟ್ಟರು.

"ಉಸಿರು ಹೊಟ್ಟೆಗೆ ತಗೊಳ್ಳಿ, ಎದೆಗಲ್ಲ. ಮೆಲ್ಲ ಬಿಡಿ. ಪಾದ ನೆಲಕ್ಕೆ ಒತ್ತಿ. ಮೊಣಕೈ ಮೇಜಿಗೆ. ಮತ್ತೆ, ಎದುರಿಗೆ ಇರುವುದನ್ನು ಮರೆತು ಬೇರೆ ಏನಾದ್ರೂ ಯೋಚಿಸಿ. ಬೇಸರ ಬರುವಂಥದ್ದು. ನಾನು ಸಮುದ್ರದಲ್ಲಿ ಈರುಳ್ಳಿ ಸುಲಿಯುವುದನ್ನು ಯೋಚಿಸ್ತಿದ್ದೆ."

ನಾನು ಹಂಚು ಆರಿಸಿಕೊಂಡೆ. ಒಂದೇ ಬಣ್ಣ, ಒಂದೇ ಅಚ್ಚು, ಸಾಲು ಸಾಲು. ಹಂಚಿಗಿಂತ ಬೇಸರ ಬೇರೆ ಇಲ್ಲ.

ಅಷ್ಟರಲ್ಲಿ ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲ ಬಂತು. ನಮ್ಮಲ್ಲಿ ಆ ದಿನಗಳಲ್ಲಿ ಮಾಂಸ ಇಲ್ಲ, ಮದುವೆ ಇಲ್ಲ. ಹಡಗಿನವರ ಮನೆಯಲ್ಲಿ ಇಸ್ಪೀಟೂ ಇಲ್ಲ. ಎಲೆಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

"ವ್ರತ ನಿಮ್ಮದು, ಶಿಕ್ಷೆ ನನಗೆ," ಎಂದು ಸೋಡಾ ಅಂಗಡಿಯವರು ದೋಣಿ ಹತ್ತಿದರು.

ಭಾನುವಾರಗಳು ಬರುತ್ತಲೇ ಇದ್ದವು. ಹೋಗಲು ಜಾಗ ಇರಲಿಲ್ಲ. ಒಂದೆರಡು ಸಲ ಫಳ್ನೀರಿನ ರಸ್ತೆಯಲ್ಲಿ ಕೆಲಸವಿದ್ದವನ ಹಾಗೆ ನಡೆದೆ. ಜಗಲಿಯಲ್ಲಿ ಮೇಜು ಗೋಡೆಗೆ ಒರಗಿಸಿಟ್ಟಿತ್ತು. ಒಳಗಿನಿಂದ ಅವಳು ಯಾರಿಗೋ ಏನೋ ಹೇಳುವುದು ಕೇಳಿಸಿತು. ಶಬ್ದಗಳು ತಿಳಿಯಲಿಲ್ಲ. ಮತ್ತೆ ಜೆಪ್ಪುವಿಗೆ ನಡೆದೆ.

ಈಸ್ಟರಿಗೆ ಕೈ ನಡುಕ ನಿಲ್ಲಿಸಬೇಕು, ಕೇಳಬೇಕು ಎಂದು ನಿಶ್ಚಯಿಸಿದೆ. ಅಭ್ಯಾಸಕ್ಕೆ ಚಹಾ ಕೊಡಲು ಒಬ್ಬ ಹೆಂಗಸು ಬೇಕು. ಇದ್ದದ್ದು ಬಿಡಾರದ ಮನೆಯೊಡತಿ. ಅಜ್ಜಿ, ವಿಧವೆ. ಬೆಳಿಗ್ಗೆ ಸಂಜೆ ನನಗೆ ಚಹಾ ಕೊಡುವುದು ಬಾಡಿಗೆಯಲ್ಲೇ ಸೇರಿತ್ತು.

ಅವರು ಚಹಾ ತಂದಾಗ ನಾನು ಪಾದ ಒತ್ತಿದೆ. ಹೊಟ್ಟೆ ಉಬ್ಬಿಸಿ ಉಸಿರು ತೆಗೆದೆ. ಅವರ ಮುಖವನ್ನೇ ನೋಡುತ್ತ, ಅದು ಇನ್ನೊಂದು ಮುಖ ಎಂದು ಭಾವಿಸಿದೆ. ಮೆಲ್ಲಗೆ ಉಸಿರು ಬಿಡುತ್ತ ಕಪ್ ತೆಗೆದುಕೊಂಡೆ. ಪ್ರತಿ ಬೆಳಿಗ್ಗೆ. ಪ್ರತಿ ಸಂಜೆ.

ವಾರ ಕಳೆಯುವ ಮೊದಲು ಅವರು ಕಪ್ಪನ್ನು ಹೊಸ್ತಿಲಲ್ಲೇ ಇಟ್ಟು ದೂರ ನಿಂತರು.

"ರೈಟರೇ, ನನಗೆ ಮೊಮ್ಮಕ್ಕಳು ಇದ್ದಾರೆ."

೬. ಒಂದು ಕಪ್ ಚಹಾ

ಈಸ್ಟರ್ ಕಳೆದ ಭಾನುವಾರ ನಾನು ಎಲ್ಲರಿಗಿಂತ ಮೊದಲು ಹೋದೆ. ಇಸ್ತ್ರಿ ಮಾಡಿದ ಅಂಗಿ. ಹಡಗಿನವರು ಇನ್ನೂ ಒಳಗೆ ಮಲಗಿದ್ದರು. ಏಳಲಿ, ಕೇಳುತ್ತೇನೆ ಎಂದು ಜಗಲಿಯಲ್ಲಿ ಕುಳಿತೆ.

ಟೀಚರ್ ಚಹಾ ತಂದಳು. ಗಂಜಿತಿಳಿ ಅಲ್ಲ. ಚಹಾ.

"ಅಣ್ಣ ಎದ್ದಿಲ್ಲ," ಎಂದಳು. "ಎದ್ದರೆ ಇದು ಸಿಕ್ಕುವುದಿಲ್ಲ ನಿಮಗೆ."

ಕೊಡಲು ಕೈ ಚಾಚಿದಳು. ಕೊಡಲಿಲ್ಲ. ಹಿಡಿದುಕೊಂಡೇ ನಿಂತಳು.

"ಬೊಂಬಾಯಿಯಿಂದ ಒಂದು ಸಂಬಂಧ ಬಂದಿದೆ. ರೈಲ್ವೆಯಲ್ಲಿ ಕೆಲಸ ಅಂತೆ. ಅಣ್ಣ ನನ್ನ ಮನಸ್ಸು ಕೇಳಿದ್ದಾರೆ. ನಾನಿನ್ನೂ ಹೇಳಲಿಲ್ಲ. ನೀವೆಂತ ಹೇಳ್ತೀರಿ ರೈಟರೇ?"

ಆಮೇಲೆ ಕಪ್ ಕೊಟ್ಟಳು. ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡಿದಳು.

ಪಾದ ತಾನಾಗಿ ನೆಲಕ್ಕೆ ಒತ್ತಿತು. ಉಸಿರು ಹೊಟ್ಟೆಗೆ ಹೋಯಿತು. ಕಣ್ಣ ಮುಂದೆ ಹಂಚು ಬಂತು, ಸಾಲು ಸಾಲು. ಕಪ್ ನಿಂತ ನೀರಿನ ಹಾಗೆ ನಿಂತಿತು. ಸಾಸರ್ ಒಂದು ಶಬ್ದವನ್ನೂ ಮಾಡಲಿಲ್ಲ.

"ಒಳ್ಳೆಯದು," ಎಂದೆ. ಹಂಚಿನ ಬಗ್ಗೆ ಯೋಚಿಸುತ್ತಿರುವಾಗ ಬೇರೆ ಮಾತು ಬರುವುದಿಲ್ಲ.

ಅವಳು ಕಪ್ಪನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು.

"ನಿಮ್ಮ ಕೈ ಗುಣ ಆಗಿದೆ," ಎಂದಳು. ಒಳಗೆ ಹೋದಳು.

ಆ ಹೊತ್ತಿಗೆ ಹಡಗಿನವರು ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯಲ್ಲಿ ಚಹಾ, ಚಹಾದಲ್ಲಿ ಒಂದು ಅಲೆಯೂ ಇಲ್ಲ. ಅವರ ಕಣ್ಣು ತುಂಬಿತು. ನನ್ನ ಬೆನ್ನು ತಟ್ಟಿದರು.

"ಭೇಷ್! ಇನ್ನು ನಿಮಗೆ ಹೆದರಿಕೆ ಇಲ್ಲ. ಯಾವ ಎಲೆ ಬಂದರೂ ಗೆಲ್ತೀರಿ."

೭. ಮಲೇರಿಯಾ

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಗಂಡು ಹೆಣ್ಣಿನ ಹೆಸರು ಓದುತ್ತಾರೆ. ಯಾರಿಗಾದರೂ ಅಡ್ಡಿ ತಿಳಿದಿದ್ದರೆ ಹೇಳಬೇಕು ಎನ್ನುತ್ತಾರೆ. ಯಾರೂ ಹೇಳುವುದಿಲ್ಲ. ಜನ ಕೆಮ್ಮುತ್ತಾರೆ, ಮುಂದಿನ ಹೆಸರು ಬರುತ್ತದೆ.

ನನ್ನ ಇಗರ್ಜಿ ಜೆಪ್ಪುವಿನಲ್ಲಿ. ಆದರೆ ಬಹಳ ಕಾಲದಿಂದ ನಾನು ಅವಳು ಹೋಗುವ ಇಗರ್ಜಿಗೇ ಹೋಗುತ್ತಿದ್ದೆ. ಅವಳ ಹೆಸರು ಓದುವ ಮೊದಲ ಭಾನುವಾರವೂ ಹೋದೆ. ಗಂಡಸರ ಕಡೆಯ ಬೆಂಚಿನಲ್ಲಿ ಕಾಂಪೌಂಡರರ ಪಕ್ಕ ಕುಳಿತೆ.

ಪಾದ್ರಿಗಳು ಅವಳ ಹೆಸರು ಓದಿದರು. ನನ್ನ ಕೈ ನೆಟ್ಟಗಿತ್ತು. ನಂತರ ಬೊಂಬಾಯಿಯವನ ಹೆಸರು ಓದಿದರು.

ಕೈಗೆ ಕಲಿಸಿದ್ದೆ. ಮೊಣಕಾಲಿಗೆ ಯಾರೂ ಕಲಿಸಿರಲಿಲ್ಲ. ಅದು ನಡುಗಿತು. ಒಂದು, ಆಮೇಲೆ ಎರಡೂ. ಬೆಂಚಿನ ಒಂದು ಕಾಲು ಗಿಡ್ಡ. ಅದು ನೆಲಕ್ಕೆ ಬಡಿಯತೊಡಗಿತು. ಟಕ ಟಕ ಟಕ. ಬೆಂಚಿನಲ್ಲಿ ಕುಳಿತವರೆಲ್ಲ ನನ್ನ ಜತೆ ಅಲ್ಲಾಡಿದರು. ತುದಿಯಲ್ಲಿದ್ದ ಒಬ್ಬರು ಮುದುಕರು ಭೂಕಂಪ ಎಂದುಕೊಂಡು ಶಿಲುಬೆಯ ಗುರುತು ಮಾಡಿದರು.

ಪಾದ್ರಿಗಳು ಓದುವುದನ್ನು ನಿಲ್ಲಿಸಿದರು. ಕನ್ನಡಕದ ಮೇಲಿನಿಂದ ನಮ್ಮ ಕಡೆ ನೋಡಿದರು.

"ಅಲ್ಲಿ ಯಾರಿಗಾದರೂ ಏನಾದರೂ ಹೇಳಲಿಕ್ಕೆ ಉಂಟಾ?"

ಇಗರ್ಜಿ ಇಡೀ ತಿರುಗಿತು. ಹೆಂಗಸರ ಕಡೆ ಅವಳೂ ತಿರುಗಿದಳು. ತಲೆಯ ಮೇಲಿನ ಸೆರಗು ಜಾರಿತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

ನಾನು ಎದ್ದು ನಿಂತೆ. ಉಸಿರು ಹೊಟ್ಟೆಗೂ ಹೋಗಲಿಲ್ಲ, ಎದೆಗೂ ಹೋಗಲಿಲ್ಲ. ಬಾಯಿ ತೆರೆದೆ.

ಕಾಂಪೌಂಡರ್ ನನ್ನ ಕೈ ಹಿಡಿದು ನಾಡಿ ನೋಡಿದರು. ಗಾಬರಿಯಾದರು.

"ಫಾದರ್, ಇವರಿಗೆ ಮಲೇರಿಯಾ! ಚಳಿ ಹಿಡಿದಿದೆ!"

"ಅಯ್ಯೋ, ಹೊದೆಸಿ, ಹೊದೆಸಿ," ಎಂದರು ಪಾದ್ರಿಗಳು.

ಇಗರ್ಜಿಯ ಕೆಲಸದವನು ಒಳಕೋಣೆಗೆ ಓಡಿದ. ಕೈಗೆ ಸಿಕ್ಕಿದ ದಪ್ಪ ಬಟ್ಟೆ ತಂದ. ಶವಪೆಟ್ಟಿಗೆಗೆ ಹೊದೆಸುವ ಕಪ್ಪು ಬಟ್ಟೆ, ನಡುವೆ ಬಿಳಿ ಶಿಲುಬೆ. ನಾಲ್ಕು ಜನ ನನ್ನನ್ನು ಅದರಲ್ಲಿ ಸುತ್ತಿದರು. ಇಬ್ಬರು ಭುಜ ಹಿಡಿದರು, ಇಬ್ಬರು ಕಾಲು ಹಿಡಿದರು. ನಡುವಿನ ದಾರಿಯಲ್ಲಿ ಹೊತ್ತುಕೊಂಡು ಹೋದರು. ಹಡಗಿನವರು ಮುಂದೆ ನಡೆದು ದಾರಿ ಬಿಡಿಸಿದರು. ಬಾಗಿಲ ಬಳಿ ತಡವಾಗಿ ಬಂದ ಒಬ್ಬಳು ಮುದುಕಿ ಮೊಣಕಾಲೂರಿ, "ಯಾರು ತೀರಿಕೊಂಡದ್ದು?" ಎಂದಳು.

"ಯಾರೂ ಇಲ್ಲ. ರೈಟರು," ಎಂದರು ಹಡಗಿನವರು.

ಹಿಂದೆ ಪಾದ್ರಿಗಳು ಗಂಟಲು ಸರಿಮಾಡಿಕೊಂಡು ಮುಂದಿನ ಹೆಸರು ಓದಿದರು.

ಕಾಂಪೌಂಡರ್ ನನಗೆ ಕ್ವಿನೈನ್ ಕುಡಿಸಿದರು. ಮದುವೆ ಒಂದು ಬುಧವಾರ ಆಯಿತು. ಶುಕ್ರವಾರ ಅವರಿಬ್ಬರೂ ಬೊಂಬಾಯಿಯ ಹಡಗು ಹತ್ತಿದರು.